ಹೇಳಿದವರು ನಾಳೆ ಸಿಗುವುದಿಲ್ಲ

ಉಳುವರೆಯಲ್ಲಿ ಮನೆಗಳು ಕೊಚ್ಚಿಹೋದ ಸುದ್ದಿ ನನ್ನ ಅಮ್ಮನಿಗೆ ತಲುಪಿದ್ದು ಲಾರಿಯ ಸುದ್ದಿ ತಲುಪಿದ ಎಷ್ಟೋ ಹೊತ್ತಿನ ಮೇಲೆ. ಅಮ್ಮ ಇರುವುದು ಅದೇ ಗಂಗಾವಳಿಯ ದಂಡೆಯಲ್ಲಿ, ಉತ್ತರ ಕನ್ನಡದ ಶಿರೂರಿನಿಂದ ಕೆಳಗೆ, ಹೊಳೆ ಕಡಲಿಗೆ ಸೇರುವ ಕಡೆ. 2024ರ ಜುಲೈ 16ರ ಬೆಳಿಗ್ಗೆ ಗುಡ್ಡ ಹೆದ್ದಾರಿಯ ಮೇಲೆ ಬಿತ್ತು, ಕೇರಳದ ಒಂದು ಲಾರಿ ಚಾಲಕನ ಸಮೇತ ಕಾಣೆಯಾಯಿತು, ಮಣ್ಣು ಹೊಳೆಗೆ ನುಗ್ಗಿತು, ಎದ್ದ ನೀರು ಎದುರು ದಡದ ಉಳುವರೆಯ ಮನೆಗಳನ್ನು ಕೆಡವಿತು. ಆ ಊರಿನಲ್ಲಿ ಅಮ್ಮನಿಗೆ ಹೆಸರು ಹಿಡಿದು ಕರೆಯುವಷ್ಟು ಬಳಕೆಯವರಿದ್ದಾರೆ. ಆದರೂ ನಾನು ಶಿರಸಿಯಿಂದ ಫೋನ್ ಮಾಡಿದಾಗ ಅವಳು ಮೊದಲು ಕೇಳಿದ್ದು, ಕೇರಳದ ಆ ಲಾರಿ ಮಣ್ಣಿನ ಅಡಿಯಲ್ಲಿದೆಯೋ ಹೊಳೆಯಲ್ಲಿದೆಯೋ ಎಂದು. ಮೊಬೈಲಿನಲ್ಲಿ ಯಾರೋ ಒಬ್ಬ ನಕ್ಷೆ ಬರೆದು ಲಾರಿ ಇರುವ ಜಾಗವನ್ನು ತೋರಿಸಿದ್ದಾನಂತೆ. ಅವನು ಯಾರು, ಎಲ್ಲಿಯವನು ಎಂದು ಕೇಳಿದೆ. ಗೊತ್ತಿಲ್ಲ, ಅದರಲ್ಲಿ ಬಂತು ಎಂದಳು. ಎದುರು ದಡದ ಮನೆಗಳ ವಿಷಯವನ್ನು ಘಟ್ಟದ ಮೇಲಿದ್ದ ನಾನು ಹೊಳೆಯ ಪಕ್ಕದಲ್ಲಿದ್ದ ಅವಳಿಗೆ ಹೇಳಬೇಕಾಯಿತು.

ಆ ಲಾರಿ ಚಾಲಕನ ಬಗ್ಗೆ ನನಗೆ ಇರುವುದು ಸಂಕಟ ಮಾತ್ರ. ಸೆಪ್ಟೆಂಬರ್ 25ರಂದು ಲಾರಿಯನ್ನು ಹೊಳೆಯಿಂದ ಮೇಲೆತ್ತಿದಾಗ ನಾನೂ ಅತ್ತಿದ್ದೇನೆ. ಆತನಿಗಾಗಿ ಒಂದು ರಾಜ್ಯವೇ ಕಾದು ಕುಳಿತದ್ದು ದೊಡ್ಡ ವಿಷಯ. ಆದರೆ ಹೆದ್ದಾರಿಯ ಪಕ್ಕದಲ್ಲಿ ಚಹಾ ಅಂಗಡಿ ಇಟ್ಟುಕೊಂಡಿದ್ದ ಗಂಡ, ಹೆಂಡತಿ, ಇಬ್ಬರು ಮಕ್ಕಳು ಒಟ್ಟಿಗೆ ಹೋದರು. ಆ ದಾರಿಯಲ್ಲಿ ಓಡಾಡುವವರೆಲ್ಲ ಕಂಡಿದ್ದ ಅಂಗಡಿ ಅದು. ಅವರ ಕಥೆ ನಮ್ಮ ಜಿಲ್ಲೆಯವರ ಮೊಬೈಲಿನಲ್ಲೇ ಮೂಲೆಗೆ ಸರಿಯಿತು. ಲಾರಿಯ ಕಥೆಯಲ್ಲಿ ಒಂದು ಒಗಟಿತ್ತು, ದಿನದಿನಕ್ಕೂ ಮುಂದುವರಿಯುವ ಕಂತುಗಳಿದ್ದವು, ದೂರಲು ಒಂದು ಸರ್ಕಾರವಿತ್ತು, ತಿರುಗಿ ಬೈಯಲು ಒಂದು ನೆರೆರಾಜ್ಯವಿತ್ತು. ಒಂದೆರಡು ವಾರಗಳಲ್ಲಿ ಮಲಯಾಳಿಗಳ ಮೇಲೆ ಯಾವ ಅಭಿಪ್ರಾಯವೂ ಇಲ್ಲದಿದ್ದ ನನ್ನ ತಮ್ಮನ ವಯಸ್ಸಿನ ಹುಡುಗರು ಅವರನ್ನು ಹಳಿಯತೊಡಗಿದರು. ಅತ್ತಲಿಂದ ಕರ್ನಾಟಕದವರು ಬೇಕೆಂದೇ ಹುಡುಕುತ್ತಿಲ್ಲ ಎಂಬ ಮಾತು ಬಂತು. ಕೊನೆಗೆ ಚಾಲಕನ ತಾಯಿಯ ಮಾತನ್ನೇ ತುಂಡರಿಸಿ ಹರಿಬಿಟ್ಟು ಆಕೆಯ ಮೇಲೆ ಬಿದ್ದರು. ಹಾಗೆ ಬಿದ್ದವರ ವಿರುದ್ಧ ಕೇರಳದಲ್ಲಿ ಪೊಲೀಸ್ ಪ್ರಕರಣವೂ ದಾಖಲಾಯಿತು. ಮಗನ ದೇಹ ಇನ್ನೂ ಸಿಗದ ತಾಯಿಯ ಮೇಲೆ ಈ ದಾಳಿ.

ಇದಕ್ಕೆಲ್ಲ ಯಾರೋ ಹಣ ಕೊಟ್ಟರು ಎಂದು ನಾನು ಹೇಳುತ್ತಿಲ್ಲ. ಯಾರೂ ಕೊಡಬೇಕಾಗಿರಲಿಲ್ಲ. ನನ್ನನ್ನು ಅಂದಿನಿಂದ ಕಾಡುತ್ತಿರುವುದು ಅದೇ. ನಮ್ಮ ಹೊಳೆಯ ಸುದ್ದಿ ನಮ್ಮ ಹೊಳೆಯವರಿಗೆ ತಲುಪುವ ದಾರಿಯೇ ಬೇರೆಯವರ ಕೈಗೆ ಹೋಗಿದೆ. ಆ ದಾರಿಯಲ್ಲಿ ನಾಳೆ ಯಾರು ಬೇಕಾದರೂ ಏನು ಬೇಕಾದರೂ ಹೊತ್ತು ತರಬಹುದು. ತರುತ್ತಲೂ ಇದ್ದಾರೆ.

ಬುಟ್ಟಿಯ ಜೊತೆ ಬರುತ್ತಿದ್ದ ಸುದ್ದಿ

ನಾನು ಚಿಕ್ಕವಳಿದ್ದಾಗ ನಮ್ಮ ಮನೆಗೆ ಮೀನು ತರುತ್ತಿದ್ದ ಹೆಂಗಸು ಬುಟ್ಟಿ ಇಳಿಸುವ ಮೊದಲೇ ಸುದ್ದಿ ಇಳಿಸುತ್ತಿದ್ದಳು. ಯಾವ ದೋಣಿಗೆ ಎಷ್ಟು ಬಂಗಡೆ ಬಿತ್ತು, ಬೇಲೇಕೇರಿಯಲ್ಲಿ ಯಾರಿಗೆ ಜ್ವರ, ಯಾವ ಮನೆಯ ಮದುವೆ ಮುರಿಯಿತು. ಅವಳು ಸುಳ್ಳೇ ಹೇಳುತ್ತಿರಲಿಲ್ಲ ಎಂದಲ್ಲ. ಬಣ್ಣ ಹಚ್ಚುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಒಮ್ಮೆ ನಮ್ಮ ನೆರೆಮನೆಯ ಹುಡುಗಿ ಯಾರ ಜೊತೆಗೋ ಓಡಿಹೋದಳು ಎಂದು ಹೇಳಿಬಿಟ್ಟಳು. ಹುಡುಗಿ ಹುಬ್ಬಳ್ಳಿಯಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದಳು. ಮರುದಿನ ಬುಟ್ಟಿ ಹೊತ್ತು ಬಂದಾಗ ಹುಡುಗಿಯ ಅಜ್ಜಿ ಗೇಟಿನಲ್ಲೇ ನಿಂತಿದ್ದಳು. ಅಂದು ಅಲ್ಲಿ ನಡೆದ ಮಾತು ನನಗೆ ಇಂದಿಗೂ ನೆನಪಿದೆ: ಅಜ್ಜಿ ಒಂದೊಂದೇ ಪ್ರಶ್ನೆ ಕೇಳಿದಳು, ಯಾರು ಹೇಳಿದರು, ಎಲ್ಲಿ ಹೇಳಿದರು, ನೀನು ಕಂಡೆಯಾ. ಮೀನಿನವಳು ಬುಟ್ಟಿಯನ್ನು ನೆಲಕ್ಕಿಟ್ಟು, ತಲೆಯ ಸಿಂಬಿಯನ್ನು ಬಿಚ್ಚಿ ಮತ್ತೆ ಸುತ್ತುತ್ತಾ, ಕೇಳಿಸಿಕೊಂಡದ್ದನ್ನು ಹೇಳಿದೆ, ತಪ್ಪಾಯಿತು ಎಂದಳು. ಆ ಕೇರಿಯ ಪ್ರತಿ ಮನೆಗೂ ಹೋಗಿ ಮಾತನ್ನು ಹಿಂದಕ್ಕೆ ತೆಗೆದುಕೊಂಡಳು. ಬೇರೆ ದಾರಿ ಅವಳಿಗಿರಲಿಲ್ಲ. ನಾಳೆಯೂ ಅದೇ ಕೇರಿಗೆ ಮೀನು ಮಾರಲು ಬರಬೇಕಿತ್ತು.

ಹಳೆಯ ಕಾಲ ಒಳ್ಳೆಯದಿತ್ತು ಎನ್ನುವವರ ಸಾಲಿನಲ್ಲಿ ನಾನಿಲ್ಲ. ಆ ಬಾಯಿಮಾತುಗಳಲ್ಲಿ ಜಾತಿಯ ವಿಷ ಎಷ್ಟಿತ್ತು, ಹೆಣ್ಣುಮಕ್ಕಳ ಬದುಕನ್ನು ಅವು ಹೇಗೆ ಹಾಳುಮಾಡಿದವು ಎಂದು ನೋಡಿ ಬೆಳೆದಿದ್ದೇನೆ. ಆದರೆ ಸುಳ್ಳಿಗೆ ಒಂದು ಮುಖವಿತ್ತು, ಆ ಮುಖ ಮರುದಿನ ಸಿಗುತ್ತಿತ್ತು. ಪತ್ರಿಕೆಗಳ ವಿಷಯದಲ್ಲೂ ಹೀಗೆಯೇ. ಕಾರವಾರದ ಕರಾವಳಿ ಮುಂಜಾವು, ಶಿರಸಿಯ ಲೋಕಧ್ವನಿ ಇಂಥ ಪತ್ರಿಕೆಗಳಿಗೆ ಸುದ್ದಿ ಬರೆಯುವವರು ನಮ್ಮ ನಡುವೆಯೇ ಇರುವವರು. ತಪ್ಪು ಬರೆದರೆ ಸಂತೆಯಲ್ಲಿ ಕೈ ಹಿಡಿದು ನಿಲ್ಲಿಸಿ ಕೇಳುತ್ತಾರೆ. ಅದೂ ಒಂದು ಬಗೆಯ ಸಂಪಾದಕೀಯ ಮಂಡಳಿ.

ಹೊನ್ನಾವರದ ಡಿಸೆಂಬರ್

2017ರ ಡಿಸೆಂಬರ್ ಈ ಕರಾವಳಿಯವರಿಗೆ ಬಿಡಿಸಿ ಹೇಳಬೇಕಾದ ವಿಷಯವಲ್ಲ. ಹೊನ್ನಾವರದ ಕೆರೆಯಲ್ಲಿ ಒಬ್ಬ ಯುವಕನ ಶವ ಸಿಕ್ಕಿತು. ಆತನಿಗೆ ಕೊಟ್ಟ ಚಿತ್ರಹಿಂಸೆ ಇಂಥದ್ದು ಎಂಬ ವಿವರಗಳು ಶವಪರೀಕ್ಷೆಯ ವರದಿಗಿಂತ ಮೊದಲೇ ಮೊಬೈಲಿಗೆ ಬಂದವು. ಹೊನ್ನಾವರ, ಕುಮಟಾ, ಶಿರಸಿ ಹೊತ್ತಿಕೊಂಡವು. ಆ ವಿವರಗಳಿಗೆ ಆಧಾರವಿಲ್ಲ ಎಂದು ವಿಧಿವಿಜ್ಞಾನ ತಜ್ಞರು ಒಂದೊಂದಾಗಿ ಉತ್ತರ ಕೊಟ್ಟರು; ಆ ಉತ್ತರವನ್ನು ಓದಿದವರು ಎಷ್ಟು ಮಂದಿ? 2022ರಲ್ಲಿ ಸಿಬಿಐ ಅದು ಆಕಸ್ಮಿಕವಾಗಿ ಮುಳುಗಿ ಆದ ಸಾವು ಎಂದು ನ್ಯಾಯಾಲಯಕ್ಕೆ ವರದಿ ಸಲ್ಲಿಸಿತು. ಅಷ್ಟು ಹೊತ್ತಿಗೆ ಚುನಾವಣೆಗಳು ಮುಗಿದಿದ್ದವು, ಸುಟ್ಟ ಅಂಗಡಿಗಳು ಮತ್ತೆ ಕಟ್ಟಿಕೊಂಡಿದ್ದವು ಅಥವಾ ಮುಚ್ಚಿದ್ದವು, ಮತ್ತು ನನ್ನ ಪರಿಚಯದ ಹಲವರಿಗೆ ಆ ಮೊದಲ ವಾರದ ವಿವರಗಳೇ ಇಂದಿಗೂ ಸತ್ಯ.

ಆದರೂ ಅಂದು ಒಂದು ವಿಷಯ ಬೇರೆಯಿತ್ತು. ನನಗೆ ಬಂದ ಆ ಸಂದೇಶಗಳನ್ನು ಕಳಿಸಿದವರು ನನಗೆ ಗೊತ್ತಿದ್ದರು. ಒಬ್ಬ ದೂರದ ಸಂಬಂಧಿ, ಒಬ್ಬ ಸಹೋದ್ಯೋಗಿ. ಫೋನ್ ಮಾಡಿ ಇದು ನಿಮಗೆ ಎಲ್ಲಿಂದ ಬಂತು ಎಂದು ಕೇಳಲು ಸಾಧ್ಯವಿತ್ತು, ಕೇಳಿಯೂ ಇದ್ದೇನೆ, ಅದರಿಂದ ಒಂದು ಸಂಬಂಧ ಇಂದಿಗೂ ಸರಿಹೋಗಿಲ್ಲ. 2018ರಲ್ಲಿ ಮಕ್ಕಳ ಕಳ್ಳರ ವದಂತಿ ದೇಶದಲ್ಲೆಲ್ಲ ಹಬ್ಬಿ, ನಮ್ಮದೇ ರಾಜ್ಯದ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಎಂಜಿನಿಯರ್ ಒಬ್ಬರನ್ನು ಗುಂಪು ಹೊಡೆದು ಕೊಂದ ಆ ಜುಲೈ ತಿಂಗಳಲ್ಲಿ ವಾಟ್ಸ್ಆ್ಯಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗೆ ಮಾತ್ರ ಕಳಿಸುವ ಮಿತಿ ತಂದಿತು. ಕಳಿಸುವ ಕೈಯನ್ನು ಹಿಡಿದರೆ ಸಾಕು ಎಂಬ ಲೆಕ್ಕ ಅದು. 2020ರ ಜೂನ್ ಕೊನೆಯಲ್ಲಿ ಟಿಕ್‌ಟಾಕ್ ನಿಷೇಧವಾಯಿತು, ಮರುತಿಂಗಳೇ ಇನ್‌ಸ್ಟಾಗ್ರಾಂ ಭಾರತದಲ್ಲಿ ರೀಲ್ಸ್ ತಂದಿತು, ಮತ್ತು ಕಳಿಸುವ ಕೈಯೇ ಬೇಡವಾಯಿತು. ನನ್ನ ಅಮ್ಮನಿಗೆ ಆ ನಕ್ಷೆಯ ವಿಡಿಯೊವನ್ನು ಯಾರೂ ಕಳಿಸಿರಲಿಲ್ಲ. ಅದು ಬಂತು. ಯಾರಿಗೆ ಫೋನ್ ಮಾಡುವುದು?

ಸಿಟ್ಟಿಗೆ ಐದು ಅಂಕ

ಅದು ತಾನಾಗಿ ಬರುವುದಿಲ್ಲ, ಆರಿಸಿ ಕಳಿಸಲಾಗುತ್ತದೆ. ಆರಿಸುವ ಲೆಕ್ಕಾಚಾರಕ್ಕೆ ಊರು ಗೊತ್ತಿಲ್ಲ, ಸತ್ಯ ಗೊತ್ತಿಲ್ಲ. ನಾವು ಎಷ್ಟು ಹೊತ್ತು ನೋಡುತ್ತೇವೆ, ಏನನ್ನು ಇನ್ನೊಬ್ಬರಿಗೆ ದಾಟಿಸುತ್ತೇವೆ, ಎಲ್ಲಿ ಬೈದು ಬರೆಯುತ್ತೇವೆ ಎಂಬುದಷ್ಟೇ ಗೊತ್ತು. ಯೂಟ್ಯೂಬ್ 2012ರಲ್ಲೇ ಎಷ್ಟು ಮಂದಿ ತೆರೆದರು ಎಂಬುದಕ್ಕಿಂತ ಎಷ್ಟು ಹೊತ್ತು ನೋಡಿದರು ಎಂಬುದನ್ನು ಮುಖ್ಯವಾಗಿ ಎಣಿಸತೊಡಗಿತು. ಫೇಸ್‌ಬುಕ್ 2016ರಲ್ಲಿ ಮೆಚ್ಚುಗೆಯ ಗುಂಡಿಯ ಪಕ್ಕದಲ್ಲಿ ನಗುವ, ಅಳುವ, ಸಿಟ್ಟಾಗುವ ಮುಖಗಳನ್ನು ಇಟ್ಟಿತು. 2017ರಿಂದ ಅವುಗಳಿಗೆ ಮೆಚ್ಚುಗೆಯ ಐದು ಪಟ್ಟು ತೂಕ ಕೊಟ್ಟಿತು. ಸಿಟ್ಟಿನ ಮುಖ ಹೆಚ್ಚು ಬೀಳುವ ಬರಹಗಳಲ್ಲಿ ಸುಳ್ಳೂ ದ್ವೇಷವೂ ಹೆಚ್ಚಾಗಿರುತ್ತವೆ ಎಂದು ಅವರದೇ ಸಂಶೋಧಕರು ಕಂಡುಕೊಂಡರು. ಸಿಟ್ಟಿನ ತೂಕ ಸೊನ್ನೆಗೆ ಇಳಿದದ್ದು 2020ರಲ್ಲಿ. ಇದು ನಮಗೆ ತಿಳಿದದ್ದು ಫ್ರಾನ್ಸಿಸ್ ಹೌಗನ್ ಎಂಬ ಉದ್ಯೋಗಿ 2021ರಲ್ಲಿ ಕಂಪನಿಯ ಒಳಗಿನ ದಾಖಲೆಗಳನ್ನು ಹೊರತಂದದ್ದರಿಂದ. ಹೊನ್ನಾವರ ಉರಿದ ವರ್ಷವೇ ಸಿಟ್ಟಿಗೆ ಐದು ಅಂಕ ಸಿಗುತ್ತಿತ್ತು ಎಂಬುದು ಕಾಕತಾಳೀಯ ಇರಬಹುದು. ಅದನ್ನು ಓದಿದ ದಿನ ನನಗೆ ನಿದ್ದೆ ಬರಲಿಲ್ಲ.

ಅದೇ ದಾಖಲೆಗಳಲ್ಲಿ ಇನ್ನೊಂದು ವಿವರವಿದೆ. 2019ರ ಫೆಬ್ರುವರಿಯಲ್ಲಿ ಕಂಪನಿಯ ಸಂಶೋಧಕರೊಬ್ಬರು ಭಾರತದ ಹೊಸ ಬಳಕೆದಾರರಂತೆ ಒಂದು ಖಾತೆ ತೆರೆದು, ಯಂತ್ರ ತೋರಿಸಿದ್ದನ್ನೆಲ್ಲ ಒಪ್ಪಿಕೊಳ್ಳುತ್ತಾ ಹೋದರು. ಮೂರೇ ವಾರಗಳಲ್ಲಿ, ತಮ್ಮ ಇಡೀ ಬದುಕಿನಲ್ಲಿ ಕಂಡದ್ದಕ್ಕಿಂತ ಹೆಚ್ಚು ಶವಗಳ ಚಿತ್ರಗಳನ್ನು ಅಲ್ಲಿ ಕಂಡೆ ಎಂದು ಅವರು ಬರೆದಿಟ್ಟರು. ಸುಳ್ಳು ಸುದ್ದಿಯನ್ನು ಗುರುತಿಸಲು ಕಂಪನಿ ಮೀಸಲಿಟ್ಟ ಹಣದಲ್ಲಿ ಶೇಕಡ 87 ಅಮೆರಿಕಕ್ಕೆ. ಉಳಿದ ಜಗತ್ತಿಗೆಲ್ಲ ಶೇಕಡ 13. ಭಾರತದ 22 ಮಾನ್ಯ ಭಾಷೆಗಳಲ್ಲಿ ಐದಕ್ಕೆ ಮಾತ್ರ ಅಂದು ಯಂತ್ರವನ್ನು ತರಬೇತುಗೊಳಿಸಿದ್ದರು.

ಎಲ್ಲವನ್ನೂ ಯಂತ್ರದ ತಲೆಗೆ ಕಟ್ಟುವುದೂ ನ್ಯಾಯವಲ್ಲ. 2018ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದ, ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಅಧ್ಯಯನವು ಟ್ವಿಟರ್‌ನಲ್ಲಿ 2006ರಿಂದ 2017ರವರೆಗೆ ಹಬ್ಬಿದ ಸುಮಾರು 1,26,000 ಸುದ್ದಿಗಳನ್ನು ನೋಡಿತು. ಸುಳ್ಳನ್ನು ಜನ ಮತ್ತೊಬ್ಬರಿಗೆ ದಾಟಿಸುವ ಸಾಧ್ಯತೆ ನಿಜಕ್ಕಿಂತ ಶೇಕಡ 70ರಷ್ಟು ಹೆಚ್ಚು. ಸ್ವಯಂಚಾಲಿತ ಖಾತೆಗಳನ್ನು ಲೆಕ್ಕದಿಂದ ತೆಗೆದರೂ ಫಲಿತಾಂಶ ಬದಲಾಗಲಿಲ್ಲ; ಹೊಸತನ್ನು ಮೊದಲು ಹೇಳುವ ಆಸೆ ಮನುಷ್ಯರದು. ಮೀನಿನವಳಿಗೂ ಅದೇ ಆಸೆಯಿತ್ತು. ಅವಳಿಗಿದ್ದ ಗೇಟು ಇಲ್ಲಿಲ್ಲ.

ನಮ್ಮ ಮಾತಾಡುವ ಹುಡುಗ

ಶಿರಸಿಯ ಹತ್ತಿರ ಗೆಳತಿಯೊಬ್ಬಳ ಮನೆಗೆ ಅಡಿಕೆ ಸುಗ್ಗಿಯಲ್ಲಿ ಹೋಗಿದ್ದೆ. ರಾತ್ರಿ ಅಂಗಳದಲ್ಲಿ ಬಲ್ಬಿನ ಕೆಳಗೆ ಅಡಿಕೆ ಸುಲಿಯುವವರು ಸಾಲಾಗಿ ಮೆಟ್ಟುಗತ್ತಿ ಹಿಡಿದು ಕುಳಿತಿದ್ದರು. ಹಿಂದೆ ಇಂಥ ರಾತ್ರಿಗಳಲ್ಲಿ ಟೇಪ್‌ರೆಕಾರ್ಡರಿನಲ್ಲಿ ತಾಳಮದ್ದಳೆ ಹಾಕುತ್ತಿದ್ದರಂತೆ. ಒಂದು ಪ್ರಸಂಗ ಮುಗಿಯುವಷ್ಟರಲ್ಲಿ ಬುಟ್ಟಿಗಳು ತುಂಬುತ್ತಿದ್ದವು. ಈಗ ಗೆಳತಿಯ ಅಜ್ಜಿ ಜಗುಲಿಯಲ್ಲಿ ಮೊಬೈಲನ್ನು ಗೋಡೆಗೆ ಒರಗಿಸಿ ಜೋರಾಗಿ ಹಾಕಿಕೊಂಡಿದ್ದರು. ಒಬ್ಬ ಹುಡುಗ ಹವಿಗನ್ನಡದಲ್ಲಿ ಒಂದೆಲಗದ ತಂಬುಳಿ ಮಾಡುವುದನ್ನು ಹೇಳುತ್ತಿದ್ದ. ಚೆನ್ನಾಗಿ ಹೇಳುತ್ತಿದ್ದ. ಒಗ್ಗರಣೆ ಹಾಕಿದ ಮೇಲೆ, ಅದೇ ಅಕ್ಕರೆಯ ಧ್ವನಿಯಲ್ಲಿ, ಇನ್ನು ಹತ್ತು ವರ್ಷಗಳಲ್ಲಿ ಈ ಸೀಮೆಯಲ್ಲಿ ನಮ್ಮವರು ಉಳಿಯುವುದಿಲ್ಲ, ತೋಟವೆಲ್ಲ ಇಂಥವರ ಪಾಲಾಗುತ್ತದೆ, ಈಗಲೇ ಎಚ್ಚೆತ್ತುಕೊಳ್ಳಿ ಎಂದ. ಇಂಥವರು ಎಂದು ಅವನು ಹೆಸರಿಸಿದ ಸಮುದಾಯದ ಇಬ್ಬರು ಹೆಂಗಸರು ಅಂಗಳದ ಸಾಲಿನಲ್ಲಿ ಕುಳಿತು ಅಡಿಕೆ ಸುಲಿಯುತ್ತಿದ್ದರು. ಅವರು ಆ ಮನೆಗೆ ತಲೆಮಾರಿನಿಂದ ಬರುವವರು. ಅಜ್ಜಿಯ ಮಂಡಿ ನೋವಿಗೆ ಎಣ್ಣೆ ತಿಕ್ಕುವವಳು ಅವರಲ್ಲೊಬ್ಬಳು.

ಗೆಳತಿ ಎದ್ದು ಮೊಬೈಲ್ ಆರಿಸಿದಳು. ಅಜ್ಜಿಗೆ ಸಿಟ್ಟು ಬಂತು. ಈ ಹುಡುಗ ಯಾರ ಮನೆಯವನು ಎಂದು ಗೆಳತಿ ಕೇಳಿದಳು. ಆ ಅಜ್ಜಿ ಸಿದ್ದಾಪುರದಿಂದ ಯಲ್ಲಾಪುರದವರೆಗೆ ಯಾವ ಮನೆಯ ಮಗಳು ಯಾವ ಮನೆಗೆ ಹೋದಳು ಎಂದು ಮೂರು ತಲೆಮಾರು ಹೇಳಬಲ್ಲವರು. ಇವನ ಊರು ಗೊತ್ತಿಲ್ಲ, ತಂದೆಯ ಹೆಸರು ಗೊತ್ತಿಲ್ಲ. ಆದರೆ ನಮ್ಮವನು, ನಮ್ಮ ಮಾತಾಡುತ್ತಾನೆ ಎಂದರು. ನಾನು ಆ ರಾತ್ರಿ ಇಡೀ ಅದನ್ನೇ ಯೋಚಿಸಿದೆ. ದೆಹಲಿಯಿಂದ ಅಥವಾ ಬೆಂಗಳೂರಿನಿಂದ ಯಾವ ನಾಯಕ ಬಂದು ಮಾರಿಕಾಂಬಾ ದೇವಸ್ಥಾನದ ಎದುರು ಅದೇ ಮಾತನ್ನು ಭಾಷಣವಾಗಿ ಹೇಳಿದ್ದರೂ ಅಜ್ಜಿ ಅರ್ಧ ನಂಬುತ್ತಿದ್ದರು, ಅರ್ಧ ರಾಜಕೀಯ ಎಂದು ಬಿಡುತ್ತಿದ್ದರು. ತಂಬುಳಿಯ ಜೊತೆ, ಮನೆಯ ಒಳಮಾತಿನಲ್ಲಿ ಬಂದದ್ದಕ್ಕೆ ಬಾಗಿಲು ಹಾಕುವ ಅಭ್ಯಾಸವೇ ನಮಗಿಲ್ಲ. ಈ ಜಿಲ್ಲೆಯಲ್ಲಿ ಹತ್ತಾರು ಮೈಲಿಗೊಂದು ಮಾತು: ಕೊಂಕಣಿ, ಭಟ್ಕಳದ ನವಾಯತಿ, ಹಾಲಕ್ಕಿಗಳ ಕನ್ನಡ, ಹವ್ಯಕರದ್ದು, ನಾಡವರದ್ದು. ನಮ್ಮ ಸೊಗಸು ಅದು. ದೊಡ್ಡ ಭಾಷೆಗಳಲ್ಲೇ ದ್ವೇಷವನ್ನು ಗುರುತಿಸಲು ತಡವರಿಸುವ ಯಂತ್ರ ಈ ಒಳಮಾತುಗಳಲ್ಲಿ ಏನನ್ನು ಹಿಡಿದೀತು? ಆದರೆ ಯಾರಿಗೆ ಯಾವ ಮಾತಿನ ವಿಡಿಯೊ ತೋರಿಸಿದರೆ ಕೊನೆಯವರೆಗೂ ನೋಡುತ್ತಾರೆ ಎಂಬುದನ್ನು ಅದು ಚೆನ್ನಾಗಿ ಕಲಿತಿದೆ.

ಜಲಪಾತದ ಪುಟಗಳು

ಯಲ್ಲಾಪುರದ ಕಡೆಯ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಜಲಪಾತಗಳ ಪುಟ ನಡೆಸುತ್ತಾನೆ. ಸಾತೊಡ್ಡಿ, ಮಾಗೋಡು, ಉಂಚಳ್ಳಿ, ವಿಭೂತಿ. ಮಳೆಗಾಲದಲ್ಲಿ ಜಿಗಣೆ ಕಚ್ಚಿಸಿಕೊಂಡು ಹೋಗಿ ಚಿತ್ರ ತೆಗೆಯುತ್ತಾನೆ. ಅವನಿಗೆ ಒಂದು ಪ್ರಚಾರ ಸಂಸ್ಥೆಯಿಂದ ಸಂದೇಶ ಬಂತು. ಜಿಲ್ಲೆಗೆ ಬರಲಿರುವ ಒಂದು ಯೋಜನೆಯ ಪರವಾಗಿ ವಿಡಿಯೊ ಮಾಡಬೇಕು. ಬರೆದ ಮಾತು ಅವರದೇ. ಹಿಂದೆ ಹೊಳೆ ಕಾಣಬೇಕು, ನಿಮ್ಮ ಮನೆಮಾತಿನಲ್ಲಿ ಹೇಳಬೇಕು, ಮೊದಲಲ್ಲೇ ಯೋಜನೆಯ ಹೆಸರು ಬೇಡ, ಹಣ ಪಡೆದದ್ದನ್ನು ತಿಳಿಸಬೇಕಾಗಿಲ್ಲ. ಅವನು ಒಪ್ಪಲಿಲ್ಲ. ಸ್ವಲ್ಪ ದಿನಗಳ ನಂತರ ಬೇರೆ ಪುಟಗಳಲ್ಲಿ ಅದೇ ವಾಕ್ಯಗಳು ಬರತೊಡಗಿದವು: ಒಂದು ಊಟತಿಂಡಿಯ ಪುಟ, ಒಂದು ಬೈಕ್ ಪ್ರವಾಸದ ಪುಟ, ಒಂದು ಕೊಂಕಣಿ ಹಾಸ್ಯದ ಪುಟ. ನಮ್ಮ ಮಕ್ಕಳು ಕೆಲಸಕ್ಕಾಗಿ ಊರು ಬಿಡುವುದು ಎಷ್ಟು ದಿನ ಎಂದು ಶುರುವಾಗುವ ಮಾತು. ಪ್ರಶ್ನೆ ನಿಜವಾದದ್ದೇ. ಅದಕ್ಕೆ ಉತ್ತರ ಬರೆದುಕೊಟ್ಟವರು ಯಾರೆಂದು ನೋಡುವವರಿಗೆ ಗೊತ್ತಿರಲಿಲ್ಲ. ಆ ಯೋಜನೆಯನ್ನು ವಿರೋಧಿಸುವ ಗುಂಪುಗಳಲ್ಲಿ ನಾನಿದ್ದೇನೆ. ನಮ್ಮ ಕಡೆಯವರೂ ಬೇರೆಲ್ಲಿಯದೋ ಸತ್ತ ಮೀನುಗಳ ರಾಶಿಯನ್ನು ನಮ್ಮ ಕಡಲತೀರದ್ದೆಂದು ಹಾಕಿದಾಗ ನಾನು ಜಗಳವಾಡಿದ್ದೇನೆ. ಅವರಿಗೆ ಹಣವಿದೆ, ನಮಗೆ ಇದಾದರೂ ಬೇಡವೇ ಎಂದು ಒಬ್ಬರು ಕೇಳಿದರು. ಬೇಡ. ನಮ್ಮ ಬಳಿ ಇರುವುದು ನಮ್ಮ ಮಾತಿನ ನಂಬಿಕೆಯೊಂದೇ.

ಹಣ ಕೊಟ್ಟು ಬಾಯಿ ಕೊಳ್ಳುವುದು ಎಲ್ಲ ಕಡೆಯೂ ನಡೆಯುತ್ತಿದೆ. ರಷ್ಯಾದ ಸರ್ಕಾರಿ ಮಾಧ್ಯಮದ ನೌಕರರಿಬ್ಬರು ಟೆನೆಸ್ಸಿಯ ಒಂದು ಕಂಪನಿಯ ಮೂಲಕ ಸುಮಾರು ಒಂದು ಕೋಟಿ ಡಾಲರ್ ಹರಿಸಿ ಅಲ್ಲಿನ ಇನ್‌ಫ್ಲುಯೆನ್ಸರ್‌ಗಳ ವಿಡಿಯೊ ಮಾಡಿಸಿದರು ಎಂದು ಅಮೆರಿಕದ ನ್ಯಾಯ ಇಲಾಖೆ 2024ರ ಸೆಪ್ಟೆಂಬರಿನಲ್ಲಿ ಆರೋಪಪಟ್ಟಿ ಸಲ್ಲಿಸಿತು. ಇಲ್ಲಿ ಉತ್ತರ ಪ್ರದೇಶ ಸರ್ಕಾರ ಅದೇ ವರ್ಷ ತನ್ನ ಯೋಜನೆಗಳನ್ನು ಪ್ರಚಾರ ಮಾಡುವ ಯೂಟ್ಯೂಬ್ ವಿಡಿಯೊಗಳಿಗೆ ತಿಂಗಳಿಗೆ 8 ಲಕ್ಷ ರೂಪಾಯಿಯವರೆಗೆ ಕೊಡುವ ನೀತಿ ತಂದಿತು. ಅದು ಬಹಿರಂಗ ನೀತಿ, ಓದಿ ಪ್ರಶ್ನಿಸಬಹುದು. ಬಹಿರಂಗವಲ್ಲದ್ದನ್ನು ಏನು ಮಾಡುವುದು? 2023ರ ಜನವರಿಯಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ ಇನ್‌ಫ್ಲುಯೆನ್ಸರ್‌ಗಳಿಗೆ ಸ್ಪಷ್ಟವಾಗಿ ಹೇಳಿದೆ: ಹಣ ಪಡೆದು ಸರಕನ್ನೋ ಸೇವೆಯನ್ನೋ ಹೊಗಳಿದರೆ ಅದು ಜಾಹೀರಾತು ಎಂದು ಕಾಣುವಂತೆ ಬರೆಯಬೇಕು. ದಾರಿತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿಯವರೆಗೆ ದಂಡವಿದೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ. ಸಾಬೂನು ಹೊಗಳುವವರಿಗೆ ಈ ನಿಯಮ. ನೆರೆಯವರನ್ನು ದ್ವೇಷಿಸಿ ಎನ್ನುವವರಿಗೆ, ನಿಮ್ಮ ಹೊಳೆಯನ್ನು ಬಿಟ್ಟುಕೊಡಿ ಎನ್ನುವವರಿಗೆ, ಹಣ ಎಲ್ಲಿಂದ ಬಂತು ಎಂದು ಬರೆಯುವ ಇಂಥ ಕಟ್ಟಳೆ ಬೇಕು. ವಿಡಿಯೊ ಯಾವ ಮಾತಿನಲ್ಲಿದೆಯೋ ಆ ಮಾತಿನಲ್ಲೇ ಬರೆಯಬೇಕು.

ನನ್ನ ವಿದ್ಯಾರ್ಥಿ ಕಾನೂನಿಗೆ ಕಾಯಲಿಲ್ಲ. ಆ ಪುಟಗಳ ವಿಡಿಯೊಗಳನ್ನು ಪಕ್ಕಪಕ್ಕದಲ್ಲಿಟ್ಟು, ಒಂದೇ ವಾಕ್ಯ ಬೇರೆ ಬೇರೆ ಬಾಯಿಯಿಂದ ಬರುವುದನ್ನು ತೋರಿಸಿ ಒಂದು ವಿಡಿಯೊ ಹಾಕಿದ. ತನಗೆ ಬಂದ ಸಂದೇಶವನ್ನೂ ಸೇರಿಸಿದ. ಅವನ ಜಲಪಾತಗಳನ್ನು ನೋಡುವವರ ಸಣ್ಣ ಪಾಲೂ ಅದನ್ನು ನೋಡಲಿಲ್ಲ. ಆದರೆ ನೋಡಿದವರಲ್ಲಿ ಮಂಚಿಕೇರಿ ಕಡೆಯವರು ಹೆಚ್ಚು, ಬೈಕ್ ಪುಟದ ಹುಡುಗನ ಮನೆ ಇರುವುದೂ ಅಲ್ಲಿಯೇ. ಅವನು ಒಂದು ಸಂಜೆ ನೇರವಾಗಿ ಇವನ ಮನೆಗೆ ಬಂದ. ಜಗುಲಿಯಲ್ಲಿ ದೊಡ್ಡ ಜಗಳವಾಯಿತು. ಬೈಕಿನ ಸಾಲದ ಕಂತು ಯಾರು ಕಟ್ಟುತ್ತಾರೆ, ನೀನು ಕಟ್ಟುತ್ತೀಯಾ ಎಂದು ಅವನು ಕೇಳಿದ. ಊರಿನವರು ಈಗ ಬಸ್‌ಸ್ಟ್ಯಾಂಡಿನಲ್ಲಿ ಕೇಳುತ್ತಿದ್ದಾರೆ, ಎಷ್ಟು ತೆಗೆದುಕೊಂಡೆ ಎಂದು, ನನ್ನ ಅಪ್ಪನನ್ನೂ ಕೇಳುತ್ತಿದ್ದಾರೆ ಎಂದ. ಇವನ ತಾಯಿ ಇಬ್ಬರಿಗೂ ಊಟ ಬಡಿಸಿದ ಮೇಲೂ ಮಾತು ಮುಂದುವರಿಯಿತಂತೆ. ಬೈಕ್ ಪುಟದ ಆ ವಿಡಿಯೊ ಇನ್ನೂ ಇದೆ. ಅದರ ಕೆಳಗೆ ಇದಕ್ಕೆ ಹಣ ಪಡೆದಿದ್ದೇನೆ ಎಂಬ ಒಂದು ಸಾಲನ್ನು ಅವನು ಸೇರಿಸಿದ್ದಾನೆ, ಕನ್ನಡದಲ್ಲಿ. ಕೊಟ್ಟವರ ಹೆಸರನ್ನು ಬರೆಯಲು ಇನ್ನೂ ಒಪ್ಪಿಲ್ಲ.